ಕೆಂಪು ಡಬ್ಬ ಯಾಕೆ ಖಾಲಿ ಇರ್ತಿತ್ತು

ನಮ್ಮ ಫ್ಯಾಕ್ಟರಿಯಲ್ಲಿ ಪ್ರತಿ ಮಿಷನ್ ಪಕ್ಕದಲ್ಲೂ ಒಂದು ಕೆಂಪು ಡಬ್ಬ ಇದೆ. ಕೆಟ್ಟ ಪೀಸ್ ಬಂದರೆ ಅದರೊಳಗೆ ಹಾಕಬೇಕು. ಶಿಫ್ಟ್ ಮುಗಿಯೋ ಹೊತ್ತಿಗೆ ನಾವು, ಅಂದರೆ ಇನ್‌ಸ್ಪೆಕ್ಷನ್‌ನವರು, ಅದನ್ನು ಎಣಿಸಿ ಬರೆದುಕೊಳ್ಳಬೇಕು. ನಾನು ಕೆಲಸಕ್ಕೆ ಸೇರಿದ ಮೇಲೆ ಮೊದಲ ಎಂಟು ವರ್ಷ ಆ ಡಬ್ಬಗಳಲ್ಲಿ ಒಂದೋ ಎರಡೋ ಪೀಸ್ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಮಾಲೀಕರು ಗಿರಾಕಿಗಳನ್ನು ಒಳಗೆ ಕರೆದುಕೊಂಡು ಬಂದಾಗ ಅದನ್ನು ತೋರಿಸುತ್ತಿದ್ದರು. "ನೋಡಿ, ನಮ್ಮಲ್ಲಿ ರಿಜೆಕ್ಷನ್ನೇ ಇಲ್ಲ" ಅನ್ನುತ್ತಿದ್ದರು. ಪಕ್ಕದಲ್ಲಿ ನಿಂತ ನನಗೂ ಹೆಮ್ಮೆ ಆಗುತ್ತಿತ್ತು.

ಆ ಖಾಲಿ ಡಬ್ಬದ ಹಿಂದೆ ಏನಿತ್ತು ಅಂತ ಗೊತ್ತಾಗೋಕೆ ಒಂದು ದೊಡ್ಡ ಕಂಪ್ಲೇಂಟ್ ಬರಬೇಕಾಯಿತು. ಎರಡು ಸಲ ತನಿಖೆ ಆಗಬೇಕಾಯಿತು. ಎರಡರಲ್ಲೂ ನಾನು ಕೂತಿದ್ದೆ. ಮೊದಲನೆಯದರಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಮೊದಲು ಜಾಗದ ಬಗ್ಗೆ ಹೇಳಬೇಕು. ಚಿಕ್ಕ ಊರಿನ ಫ್ಯಾಕ್ಟರಿ ಅಂದರೆ ಅದರ ರೀತಿಯೇ ಬೇರೆ. ದೊಡ್ಡ ಊರಲ್ಲಿ ಒಂದು ಕಡೆ ಸರಿ ಹೋಗದಿದ್ದರೆ ಇನ್ನೊಂದು ಕಡೆ ಸೇರಬಹುದು. ನಮ್ಮಂಥ ಕಡೆ ಇರೋದೇ ಒಂದೋ ಎರಡೋ ಕಾರ್ಖಾನೆ. ಕೆಲಸ ಬಿಟ್ಟರೆ ಊರೇ ಬಿಡಬೇಕು. ಸೂಪರ್‌ವೈಸರ್ ಮನೆ ನಮ್ಮ ಬೀದಿಯಲ್ಲೇ ಇರುತ್ತೆ. ಸ್ಟೋರ್ಸ್ ನೋಡಿಕೊಳ್ಳೋರು ಮಾಲೀಕರ ಸಂಬಂಧಿ ಆಗಿರುತ್ತಾರೆ. ಇವತ್ತು ಒಳಗೆ ಒಂದು ಮಾತು ಆಡಿದರೆ ರಾತ್ರಿ ಅದು ಮನೆ ಬಾಗಿಲಿಗೆ ಬಂದಿರುತ್ತೆ. ಇದರಲ್ಲಿ ಒಳ್ಳೇದೂ ಇದೆ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಮಾಲೀಕರೇ ಗಾಡಿ ಕಳಿಸಿದ್ದಾರೆ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಸಂಬಳ ಮುಂಗಡವಾಗಿ ಕೊಟ್ಟಿದ್ದರು. ಅದನ್ನು ನಾನು ಯಾವತ್ತೂ ಮರೆಯಲ್ಲ. ಆದರೆ ಅದೇ ಉಪಕಾರ ಆಮೇಲೆ ನಾಲಗೆ ಮೇಲೆ ಭಾರ ಆಗಿ ಕೂತುಬಿಡುತ್ತೆ. ಅಷ್ಟು ಮಾಡಿದವರ ಎದುರು "ಸಾರ್, ಇದು ಸರಿ ಇಲ್ಲ" ಅಂತ ಹೇಗೆ ಹೇಳೋದು?

ಇನ್ನು ಕೆಲಸ. ನಾವು ಮಾಡುವುದು ಉಕ್ಕಿನ ಬುಷ್. ಬೆರಳಿಗಿಂತ ಸ್ವಲ್ಪ ದಪ್ಪ ಇರೋ ಒಂದು ಕೊಳವೆ ತುಂಡು ಅಂದುಕೊಳ್ಳಿ. ಅದರ ಒಳಗಿನ ತೂತು, ಅಂದರೆ ಬೋರ್, 20 ಮಿಲಿಮೀಟರ್ ಇರಬೇಕು. ಡ್ರಾಯಿಂಗ್‌ನಲ್ಲಿ '20 ಎಚ್7' ಅಂತ ಬರೆದಿರುತ್ತೆ. ಅದರ ಅರ್ಥ, 20.000 ಇಂದ 20.021 ಮಿಲಿಮೀಟರ್ ಒಳಗೆ ಎಷ್ಟಿದ್ದರೂ ಸರಿ. ಅದಕ್ಕಿಂತ ಒಂದು ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ, ಆಚೀಚೆ ಆದರೂ ಕೆಟ್ಟ ಪೀಸ್. ನಮಗೆ ಸಿಗೋ ಜಾಗ ಬರೀ 21 ಮೈಕ್ರಾನ್, ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂರನೇ ಒಂದು ಭಾಗ.

ಇದನ್ನು ಪ್ರತಿ ಪೀಸ್‌ಗೂ ಅಳೆದು ನೋಡೋಕೆ ಆಗಲ್ಲ. ಅದಕ್ಕೆ ಪ್ಲಗ್ ಗೇಜ್ ಇರುತ್ತೆ. ಕೈಯಲ್ಲಿ ಹಿಡಿಯೋ ಒಂದು ಉಕ್ಕಿನ ಕಡ್ಡಿ, ಎರಡು ತುದಿಯಲ್ಲೂ ನುಣ್ಣಗೆ ಉಜ್ಜಿದ ಉರುಳೆ ಆಕಾರದ ತುಂಡು. ಒಂದು ತುದಿ 'ಗೋ', ಅದು ಬೋರ್ ಒಳಗೆ ಹೋಗಬೇಕು. ಇನ್ನೊಂದು 'ನೋ ಗೋ', ಅದು ಹೋಗಬಾರದು. ಗೋ ಹೋದರೆ ಬೋರ್ ತೀರಾ ಚಿಕ್ಕದಾಗಿಲ್ಲ ಅಂತ. ನೋ ಗೋ ಹೋಗದಿದ್ದರೆ ತೀರಾ ದೊಡ್ಡದಾಗಿಲ್ಲ ಅಂತ. ಶಿಫ್ಟ್ ಪೂರ್ತಿ ನಾನು ಮಾಡುವುದು ಅದನ್ನೇ. ಹಾಕು, ತೆಗಿ, ತಿರುಗಿಸು, ಮುಟ್ಟಿಸು, ಟ್ರೇಗೆ ಇಡು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಆ ಗೇಜ್‌ನ ತೂಕ, ಒಳಗೆ ಜಾರುವಾಗ ಸಿಗೋ ಸಣ್ಣ ತಡೆ, ಎಲ್ಲಾ ಗೊತ್ತು.

ಹಾಗಾಗಿ, ಒಂದು ದಿನ ಆ ತಡೆ ಕಮ್ಮಿ ಆಗಿದೆ ಅಂತ ನನ್ನ ಕೈಗೆ ಗೊತ್ತಾಯಿತು. ಗೋ ತುದಿ ಎಲ್ಲಾ ಪೀಸ್‌ನಲ್ಲೂ ಒಂದೇ ಥರ ಸಲೀಸಾಗಿ ಜಾರುತ್ತಿತ್ತು. ಬೆಳಕಿಗೆ ಹಿಡಿದು ನೋಡಿದರೆ ತುದಿಯಲ್ಲಿ ಒಂದು ಹೊಳಪಿನ ಪಟ್ಟಿ ಕಾಣುತ್ತಿತ್ತು. ಸೂಪರ್‌ವೈಸರ್ ಹತ್ತಿರ ಹೋಗಿ, "ಸಾರ್, ಈ ಗೇಜ್ ಸವೆದಿದೆ ಅನ್ಸುತ್ತೆ" ಅಂದೆ. ಅವರು ಗೇಜ್ ಮೇಲಿನ ಸ್ಟಿಕ್ಕರ್ ತೋರಿಸಿದರು. ಕ್ಯಾಲಿಬ್ರೇಷನ್, ಅಂದರೆ ಗೇಜ್‌ನ ಅಳತೆ ಸರಿ ಇದೆಯಾ ಅನ್ನೋ ಪರೀಕ್ಷೆ, ಅದರ ದಿನಾಂಕ ಇನ್ನೂ ಮುಗಿದಿರಲಿಲ್ಲ. "ಸ್ಟಿಕ್ಕರ್ ಇದೆ ಅಲ್ವಾ? ಹೊಸದು ಬರೋಕೆ ಆರು ವಾರ ಬೇಕು. ಅಲ್ಲೀವರೆಗೂ ಲೈನ್ ನಿಲ್ಲಿಸೋಣ್ವಾ? ನೀನೇ ಹೋಗಿ ಮಾಲೀಕರಿಗೆ ಹೇಳ್ತೀಯೇನಮ್ಮಾ?" ಅಂದರು.

ನಾನು ಹೇಳಲಿಲ್ಲ. ಬಂದು ನನ್ನ ಜಾಗದಲ್ಲಿ ಕೂತೆ.

ಮೂರು ವಾರ ಆದ ಮೇಲೆ ಗಿರಾಕಿಯ ಕಂಪ್ಲೇಂಟ್ ಬಂತು. ಜೋಡಿಸುವಾಗ ಬುಷ್ ಒಳಗೆ ಪಿನ್ ಹೋಗ್ತಾ ಇಲ್ಲ. ಕೆಲವಕ್ಕೆ ಹೋಗುತ್ತೆ, ಕೆಲವಕ್ಕೆ ಸುತ್ತಿಗೆಯಲ್ಲಿ ಹೊಡೆಯಬೇಕು, ಕೆಲವಕ್ಕೆ ಹೊಡೆದರೂ ಹೋಗಲ್ಲ. ಲಾಟ್ ಪೂರ್ತಿ ವಾಪಸ್ ಬಂತು, 2,400 ಪೀಸ್. ಅವತ್ತು ಸಂಜೆ ಯಾರೂ ಮನೆಗೆ ಹೋಗಲಿಲ್ಲ. ರಾತ್ರಿ ಎರಡೂವರೆ ತನಕ ಕೂತು ಒಂದೊಂದೇ ಪೀಸ್ ಬೇರೆ ಮಾಡಿದೆವು. ಯಾವ ಗೇಜ್ ಇಟ್ಟುಕೊಂಡು ಬೇರೆ ಮಾಡಿದೆವು ಗೊತ್ತಾ? ಅದೇ ಸವೆದ ಗೇಜ್. ಇದನ್ನು ಬರೆಯುವಾಗ ಈಗಲೂ ನನ್ನ ಕೈ ತಣ್ಣಗಾಗುತ್ತೆ.

ಮಾರನೇ ದಿನ ಆಫೀಸಿನಲ್ಲಿ ಮೀಟಿಂಗ್. ಗಿರಾಕಿಗೆ 8ಡಿ ರಿಪೋರ್ಟ್ ಕೊಡಬೇಕಿತ್ತು. ಇದು ಎಂಟು ಹಂತದ ವರದಿ. ಮೊದಲು ತಂಡ ಕಟ್ಟಬೇಕು. ಸಮಸ್ಯೆ ಏನು ಅಂತ ಬರೆಯಬೇಕು. ಸದ್ಯಕ್ಕೆ ಕೆಟ್ಟ ಮಾಲು ಹೊರಗೆ ಹೋಗದ ಹಾಗೆ ತಡೆಯಬೇಕು. ನಾಲ್ಕನೇ ಹಂತದಲ್ಲಿ ಮೂಲ ಕಾರಣ ಹುಡುಕಬೇಕು. ಆಮೇಲೆ ಪರಿಹಾರ, ಅದು ಕೆಲಸ ಮಾಡಿತಾ ಅನ್ನೋ ಪರೀಕ್ಷೆ, ಮತ್ತೆ ಹಾಗಾಗದ ಹಾಗೆ ವ್ಯವಸ್ಥೆ. ಕೊನೆಯ ಹಂತದಲ್ಲಿ ತಂಡವನ್ನು ಅಭಿನಂದಿಸಬೇಕು. ಒಳ್ಳೆಯ ಪದ್ಧತಿ ಅದು. ಸರಿಯಾಗಿ ಮಾಡಿದರೆ ಎರಡು ವಾರವಾದರೂ ಹಿಡಿಯುತ್ತೆ.

ನಾವು ಅದನ್ನು ನಲವತ್ತು ನಿಮಿಷದಲ್ಲಿ ಮುಗಿಸಿದೆವು. "ಆ ಲಾಟ್ ಓಡಿಸಿದ್ದು ಯಾರು?" ಅಂತ ಮಾಲೀಕರು ಕೇಳಿದರು. ಸೂಪರ್‌ವೈಸರ್ ಆಪರೇಟರ್ ಹೆಸರು ಹೇಳಿದರು. ಇಪ್ಪತ್ತಮೂರು ವರ್ಷದ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಅವನನ್ನು ಕರೆಸಿದರು. ಬಾಗಿಲ ಹತ್ತಿರವೇ ನಿಂತ. ಕೈಯಲ್ಲಿ ಎಣ್ಣೆ ಒರೆಸೋ ಬಟ್ಟೆ ಇತ್ತು, ಅದನ್ನೇ ಮಡಿಸೋದು, ಬಿಚ್ಚೋದು, ಮತ್ತೆ ಮಡಿಸೋದು. "ಗೇಜ್ ಹಾಕಿ ನೋಡಿದ್ಯೇನೋ?" "ನೋಡಿದೆ ಸಾರ್." "ನೋಡಿದ್ರೆ ಇದು ಹೇಗೆ ಬಂತು?" ಅವನು ನನ್ನ ಕಡೆ ನೋಡಿದ. ಆ ನೋಟ ಬರೀ ಒಂದು ಕ್ಷಣದ್ದು. ನಾನು ಟೇಬಲ್ ಮೇಲಿದ್ದ ಕಾಗದ ನೋಡುತ್ತಾ ಕೂತೆ.

ಮೂಲ ಕಾರಣ ಅನ್ನೋ ಜಾಗದಲ್ಲಿ 'ಆಪರೇಟರ್ ನಿರ್ಲಕ್ಷ್ಯ' ಅಂತ ಬರೆದರು. ಪರಿಹಾರ ಅನ್ನೋ ಕಡೆ 'ಆಪರೇಟರ್‌ಗೆ ಮತ್ತೆ ತರಬೇತಿ ಕೊಡಲಾಗಿದೆ' ಅಂತ. ಅವನಿಗೆ ಕೊಟ್ಟಿದ್ದು ತರಬೇತಿ ಅಲ್ಲ, ಮೂರು ದಿನ ಮನೆಗೆ ಕಳಿಸಿದ್ದು, ಸಂಬಳ ಇಲ್ಲದೆ. ಎಂಟನೇ ಹಂತದಲ್ಲಿ 'ತಂಡಕ್ಕೆ ಅಭಿನಂದನೆಗಳು' ಅಂತ ಟೈಪ್ ಮಾಡಿತ್ತು. ಅದರ ಕೆಳಗೆ ನಾಲ್ಕು ಸಹಿ. ಮೂರನೆಯದು ನನ್ನದು.

ಅವನು ವಾಪಸ್ ಬಂದ ಮೇಲೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಬೆಳಗ್ಗೆ ಬರೋದು, ಮಿಷನ್ ಓಡಿಸೋದು, ಹೋಗೋದು. ನನಗೆ ಮೊದಲು 'ಅಕ್ಕ' ಅನ್ನುತ್ತಿದ್ದವನು 'ಮೇಡಂ' ಅನ್ನೋಕೆ ಶುರು ಮಾಡಿದ. ಅದು ಎಷ್ಟು ಚುಚ್ಚುತ್ತಿತ್ತು ಅಂದರೆ, ಟ್ರೇ ತರೋಕೆ ಆ ಕಡೆ ಹೋಗೋದನ್ನೇ ನಾನು ಬಿಟ್ಟುಬಿಟ್ಟೆ.

ಎರಡು ತಿಂಗಳಿಗೆ ಅದೇ ಕಂಪ್ಲೇಂಟ್ ಮತ್ತೆ ಬಂತು. ಅದೇ ಬುಷ್, ಅದೇ ಬೋರ್. ಈ ಸಲ ಓಡಿಸಿದ್ದು ಬೇರೆ ಆಪರೇಟರ್, ಹದಿನೈದು ವರ್ಷದ ಅನುಭವ ಇದ್ದವರು. ಗಿರಾಕಿ ಕಂಪನಿಯವರು, "ಇನ್ನೊಂದು ಸಲ ಹೀಗಾದರೆ ಆರ್ಡರ್ ಬೇರೆಯವರಿಗೆ" ಅಂತ ಬರೆದು ಕಳಿಸಿದರು. ಮಾಲೀಕರು ಹೆದರಿದರು. ಅವರನ್ನು ಹಾಗೆ ನಾನು ಯಾವತ್ತೂ ನೋಡಿರಲಿಲ್ಲ. ಹೊರಗಿನಿಂದ ಒಬ್ಬ ಹೊಸ ಪ್ಲಾಂಟ್ ಮ್ಯಾನೇಜರ್‌ನ ಕರೆಸಿಕೊಂಡರು. ವಯಸ್ಸಾದವರು. ಇಡೀ ಜೀವನ ಮಿಷನ್ ಶಾಪ್‌ನಲ್ಲೇ ಕಳೆದವರು.

ಅವರು ಮೀಟಿಂಗ್ ಕರೆಯಲಿಲ್ಲ. ಮೊದಲ ನಾಲ್ಕು ದಿನ ಮಿಷನ್ ಪಕ್ಕದಲ್ಲಿ ಸುಮ್ನೆ ನಿಂತಿದ್ದರು. ಬೆಳಗ್ಗೆ ಶಿಫ್ಟ್, ರಾತ್ರಿ ಶಿಫ್ಟ್, ಎರಡರಲ್ಲೂ. ಯಾರಾದರೂ ಏನಾದರೂ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದರು. ಹೇಳದಿದ್ದರೆ ತಾವಾಗಿ ಕೆದಕುತ್ತಿರಲಿಲ್ಲ. ನಾವೆಲ್ಲಾ ಅವರನ್ನು ಕಂಡು ಇನ್ನೂ ಜಾಸ್ತಿ ಹೆದರಿದೆವು.

ಐದನೇ ದಿನ ಅವರು ಒಂದು ಕೆಲಸ ಮಾಡಿದರು. ಮಿಷನ್ ಹಿಂದೆ ಚಿಪ್ಸ್ ತುಂಬೋ ಡ್ರಮ್ ಇರುತ್ತೆ. ಚಿಪ್ಸ್ ಅಂದರೆ ಉಕ್ಕು ತುರಿದಾಗ ಬೀಳೋ ಸುರುಳಿ ಸಿಪ್ಪೆ. ಅದು ತುಂಬಿದ ಮೇಲೆ ಗುಜರಿಗೆ ಹೋಗುತ್ತೆ. ಇಬ್ಬರು ಹೆಲ್ಪರ್‌ಗಳನ್ನು ಕರೆದು, ಆ ಡ್ರಮ್ ನೆಲಕ್ಕೆ ಸುರಿಯೋಕೆ ಹೇಳಿದರು. ಮೊದಲು ಎಣ್ಣೆ ಮೆತ್ತಿದ ಸುರುಳಿಗಳು ಬಿದ್ದವು. ಆಮೇಲೆ ಟಣ್ ಟಣ್ ಅಂತ ಶಬ್ದ. ಬುಷ್‌ಗಳು. ಒಂದರ ಮೇಲೊಂದು ಉರುಳಿ ಬಂದವು. ಅವರು ಮಂಡಿ ಊರಿ ಕೂತು ಎಣಿಸಿದರು. ಮೂವತ್ತೇಳು. ಒಂದು ವಾರದ ಡ್ರಮ್‌ನಲ್ಲಿ, ಒಂದು ಮಿಷನ್‌ನದು. ಅದೇ ವಾರ ಆ ಮಿಷನ್‌ನ ಕೆಂಪು ಡಬ್ಬದ ಲೆಕ್ಕದಲ್ಲಿ ನಾನೇ ಬರೆದಿದ್ದ ಸಂಖ್ಯೆ: ಎರಡು.

ಯಾರೂ ಉಸಿರಾಡಲಿಲ್ಲ. ಮಿಷನ್ ಶಬ್ದ ಮಾತ್ರ ಇತ್ತು. ಎಲ್ಲರಿಗೂ ಗೊತ್ತಿದ್ದ ವಿಷಯ ಅದು. ಕೆಂಪು ಡಬ್ಬಕ್ಕೆ ಐದು ಪೀಸ್‌ಗಿಂತ ಜಾಸ್ತಿ ಬಿದ್ದರೆ ಆಪರೇಟರ್‌ಗೆ ಅರ್ಧ ದಿನದ ಸಂಬಳ ಕಟ್. ಬೋರ್ಡ್ ಮೇಲೆ ಹೆಸರು ಬೇರೆ. ಹೀಗಿರುವಾಗ ಕೆಟ್ಟ ಪೀಸ್‌ನ ಯಾರು ತಾನೇ ಕೆಂಪು ಡಬ್ಬಕ್ಕೆ ಹಾಕುತ್ತಾರೆ?

ಮ್ಯಾನೇಜರ್ ಎದ್ದು ನಿಂತು, "ಇದಕ್ಕೆ ಯಾರಿಗೂ ಏನೂ ಆಗಲ್ಲ. ಇವು ಇಲ್ಲಿಗೆ ಹೇಗೆ ಬಂದವು ಅಂತ ಮಾತ್ರ ನನಗೆ ಬೇಕು" ಅಂದರು. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ಆದರೆ ಆ ಹುಡುಗ ಅಲ್ಲೇ ನಿಂತಿದ್ದ. ಮೀಟಿಂಗ್‌ನಲ್ಲಿ ಅವನು ನನ್ನ ಕಡೆ ನೋಡಿದ ನೋಟ ನೆನಪಾಯಿತು. ಯೋಚನೆ ಮಾಡೋ ಮುಂಚೆನೇ ಬಾಯಿಂದ ಬಂದುಬಿಟ್ಟಿತು: "ಸಾರ್, ಗೇಜ್ ಸವೆದಿದೆ. ನನಗೆ ಮೊದಲಿಂದ ಗೊತ್ತಿತ್ತು."

ನನ್ನ ಧ್ವನಿ ನಡುಗುತ್ತಿತ್ತು. ಅವರು ಬೈಯಲಿಲ್ಲ. "ತನ್ನಿ, ನೋಡೋಣ" ಅಂದರು. ಮೈಕ್ರೋಮೀಟರ್ ಇಟ್ಟು ಅಳೆದರು. 20.000 ಇರಬೇಕಿದ್ದ ಗೋ ತುದಿ 19.991 ಇತ್ತು. ಒಂಬತ್ತು ಮೈಕ್ರಾನ್ ಸವೆದಿತ್ತು. ಅಂದರೆ ನಾವು ಇಷ್ಟು ದಿನ, ಬೇಕಾದ್ದಕ್ಕಿಂತ ಚಿಕ್ಕ ಬೋರ್‌ಗಳನ್ನೆಲ್ಲಾ 'ಓಕೆ' ಅಂತ ಕಳಿಸುತ್ತಿದ್ದೆವು. ಸ್ಟಿಕ್ಕರ್ ಮಾತ್ರ ಸರಿ ಇತ್ತು. ವರ್ಷಕ್ಕೆ ಒಂದು ಸಲ ಕ್ಯಾಲಿಬ್ರೇಷನ್ ಅಂತ ಫೈಲ್‌ನಲ್ಲಿತ್ತು. ದಿನಕ್ಕೆ ಸಾವಿರ ಸಲ ಉಕ್ಕಿನೊಳಗೆ ಉಜ್ಜೋ ಗೇಜ್‌ಗೆ ವರ್ಷ ತೀರಾ ಜಾಸ್ತಿ ಅಂತ ಯಾರೂ ಯೋಚನೆ ಮಾಡಿರಲಿಲ್ಲ.

ಅಲ್ಲಿಂದ ನಿಜವಾದ ತನಿಖೆ ಶುರುವಾಯಿತು. ಆಫೀಸಿನಲ್ಲಲ್ಲ, ಮಿಷನ್ ಹತ್ತಿರವೇ. ಮ್ಯಾನೇಜರ್ ಒಂದು ಬಿಳಿ ಹಲಗೆ ತರಿಸಿ ನಿಲ್ಲಿಸಿದರು. ಟೊಯೊಟಾದವರು ರೂಢಿಗೆ ತಂದ ಪದ್ಧತಿ ಒಂದಿದೆ, ಒಂದು ತೊಂದರೆಗೆ ಐದು ಸಲ 'ಯಾಕೆ' ಅಂತ ಕೇಳೋದು. ಮೊದಲ ತನಿಖೆಯಲ್ಲಿ ನಾವು ಒಂದೇ ಸಲ ಕೇಳಿದ್ದೆವು, ಅದೂ 'ಯಾಕೆ' ಅಂತ ಅಲ್ಲ, 'ಯಾರು' ಅಂತ.

ಬೋರ್ ಯಾಕೆ ಚಿಕ್ಕದಾಯಿತು? ಒಳಗೆ ಕೊರೆಯೋ ಇನ್ಸರ್ಟ್, ಅಂದರೆ ಟೂಲ್‌ಗೆ ಸಿಕ್ಕಿಸೋ ಸಣ್ಣ ಕತ್ತರಿಸೋ ತುಂಡು, ಅದರ ತುದಿ ಸವೆಯುತ್ತಾ ಹೋದ ಹಾಗೆ ಬೋರ್ ಚಿಕ್ಕದಾಗುತ್ತಾ ಬರುತ್ತೆ. ಇದು ಸಹಜ. ಹಾಗಾದರೆ ಇನ್ಸರ್ಟ್ ಯಾಕೆ ಬದಲಾಯಿಸಲಿಲ್ಲ? ಒಂದು ತುದಿಯಲ್ಲಿ 300 ಪೀಸ್ ತೆಗೆಯಲೇಬೇಕು ಅಂತ ಸ್ಟೋರ್ಸ್‌ನ ಲೆಕ್ಕ. ಮುಂಚೆ ಕೇಳಿದರೆ, "ಇಷ್ಟು ಬೇಗ ಹೇಗೆ ಖಾಲಿ ಆಯ್ತು?" ಅಂತ ಎಲ್ಲರ ಎದುರು ಪ್ರಶ್ನೆ. ಸರಿ, ಇನ್ಸರ್ಟ್ ಸವೆದರೂ ಮಿಷನ್‌ನಲ್ಲಿ ಆಫ್‌ಸೆಟ್ ಕೊಟ್ಟು, ಅಂದರೆ ಟೂಲ್ ನಿಲ್ಲೋ ಜಾಗವನ್ನು ಸ್ವಲ್ಪ ಸರಿಸಿ, ನಾಲ್ಕೈದು ಮೈಕ್ರಾನ್ ಸರಿ ಮಾಡಬಹುದಲ್ವಾ? ಆ ಪ್ರಶ್ನೆ ಬಂದಾಗ ಹುಡುಗ ಮೊದಲ ಸಲ ಬಾಯಿ ಬಿಟ್ಟ. "ಆಫ್‌ಸೆಟ್ ಪೇಜ್ ಲಾಕ್ ಇದೆ ಸಾರ್. ಪಾಸ್‌ವರ್ಡ್ ಸೂಪರ್‌ವೈಸರ್ ಹತ್ರ ಇದೆ." ಯಾಕೆ ಲಾಕ್? ಹಿಂದೆ ಯಾರೋ ತಪ್ಪು ಸಂಖ್ಯೆ ಹಾಕಿ ಟೂಲ್ ಹೋಗಿ ಪೀಸ್ ಹಿಡಿಯೋ ಚಕ್‌ಗೆ ಬಡಿದಿತ್ತು, ಅವತ್ತಿಂದ ಲಾಕ್. ಸೂಪರ್‌ವೈಸರ್‌ನ ಯಾಕೆ ಕರೆಯಲಿಲ್ಲ?

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕರೆದೆ ಸಾರ್. ಒಂದು ಶಿಫ್ಟ್‌ನಲ್ಲಿ ಮೂರು ಸಲ ಕರೆದೆ. ಮೂರನೇ ಸಲ, ನಿನಗೆ ಮಿಷನ್ ಓಡ್ಸೋಕೆ ಬರಲ್ಲ ಅಂದ್ರೆ ಹೇಳಿಬಿಡು, ಹೊರಗೆ ಜನ ಕ್ಯೂ ನಿಂತಿದಾರೆ ಅಂದ್ರು. ಆಮೇಲೆ ಕರೀಲಿಲ್ಲ. ಗೇಜ್ ಹೋಗ್ತಾ ಇತ್ತಲ್ಲ, ಅದಕ್ಕೆ ಓಡಿಸಿದೆ."

ಸೂಪರ್‌ವೈಸರ್ ಅಲ್ಲೇ ಇದ್ದರು. ಅವರ ಮುಖ ನೋಡಿ ನನಗೆ ಅವರ ಮೇಲೂ ಅಯ್ಯೋ ಅನ್ನಿಸಿತು. ಅವರು ಕೆಟ್ಟವರಲ್ಲ. ಹನ್ನೊಂದು ಮಿಷನ್‌ಗೆ ಒಬ್ಬರೇ. ಗಂಟೆ ಗಂಟೆಗೂ ಎಷ್ಟು ಪೀಸ್ ಆಯಿತು ಅಂತ ಮಾಲೀಕರಿಗೆ ಫೋನ್‌ನಲ್ಲಿ ಹೇಳಬೇಕಿತ್ತು. ಕಮ್ಮಿ ಆದರೆ ಅವರಿಗೆ ಬೈಗುಳ. ಅವರಿಗೆ ಬಿದ್ದ ಬೈಗುಳ ಅವರ ಕೈ ಕೆಳಗಿನವರಿಗೆ. ನಮ್ಮಲ್ಲಿ ಭಯ ಮೇಲಿನಿಂದ ಕೆಳಕ್ಕೆ ನೀರಿನ ಥರ ಇಳಿಯುತ್ತಿತ್ತು. ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಮಿಷನ್ ಮುಂದೆ ಒಬ್ಬನೇ ನಿಂತವನ ತಲೆ ಮೇಲೆ.

ಇನ್ನೊಂದು ವಿಷಯವೂ ಹೊರಗೆ ಬಂತು. ಕೂಲೆಂಟ್ ಪೈಪ್‌ನ ಮೂತಿ ಕಟ್ಟಿಕೊಂಡು, ಕೊರೆಯುವಾಗ ತಂಪು ಮಾಡೋ ನೀರು ಸರಿಯಾಗಿ ಬೀಳುತ್ತಿರಲಿಲ್ಲ. ಪೀಸ್ ಬಿಸಿ ಬಿಸಿಯಾಗಿ ಬರುತ್ತಿತ್ತು. ಉಕ್ಕು ಬಿಸಿ ಆದರೆ ಹಿಗ್ಗುತ್ತೆ. ಒಂದು ಮೀಟರ್ ಉಕ್ಕು ಒಂದು ಡಿಗ್ರಿಗೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತೆ. ನಮ್ಮ 20 ಮಿಲಿಮೀಟರ್ ಬೋರ್, ಇಪ್ಪತ್ತು ಡಿಗ್ರಿ ಜಾಸ್ತಿ ಬಿಸಿ ಇದ್ದರೆ, ನಾಲ್ಕೂವರೆ ಮೈಕ್ರಾನ್ ದೊಡ್ಡದಾಗಿ ಕಾಣುತ್ತೆ. ಲೋಕದಲ್ಲೆಲ್ಲಾ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಗೊತ್ತು ಮಾಡಿರೋದು ಇದೇ ಕಾರಣಕ್ಕೆ. ಮ್ಯಾನೇಜರ್ ಆಗ ತಾನೇ ಬಂದ ಒಂದು ಪೀಸ್‌ನ ನನ್ನ ಕೈಗೆ ಕೊಟ್ಟರು. ಅಂಗೈ ಚುರುಗುಟ್ಟಿತು. ತೂತಿನ ಅಳತೆಯನ್ನು ಡಯಲ್ ಮೇಲೆ ತೋರಿಸೋ ಬೋರ್ ಗೇಜ್‌ನಲ್ಲಿ ಅಳೆದೆ, 19.996. ಬೆಂಚ್ ಮೇಲೆ ಇಟ್ಟು, ಒಂದು ಗಂಟೆ ಬಿಟ್ಟು ಮತ್ತೆ ಅಳೆದೆ, 19.992. ಡಯಲ್‌ನ ಮುಳ್ಳು ನಾಲ್ಕು ಗೆರೆ ಹಿಂದಕ್ಕೆ ಹೋಗಿದ್ದನ್ನು ಸುತ್ತ ನಿಂತಿದ್ದ ಎಲ್ಲರೂ ನೋಡಿದರು. ಆ ಹದಿನೈದು ವರ್ಷದ ಅನುಭವದ ಅಣ್ಣ, "ಆರಿದ ಮೇಲೇ ನೋಡಬೇಕು ಅಂತ ನಮಗೆಲ್ಲ ಗೊತ್ತು. ಆರೋಕೆ ಬಿಡೋ ಟೈಮ್ ಎಲ್ಲಿ ಕೊಟ್ರು?" ಅಂದರು. ಲಾರಿ ಬಾಗಿಲಲ್ಲಿ ನಿಂತಿರುತ್ತಿತ್ತು. ಟ್ರೇ ಮಿಷನ್‌ನಿಂದ ನೇರ ನನ್ನ ಟೇಬಲ್‌ಗೆ, ಅಲ್ಲಿಂದ ನೇರ ಪ್ಯಾಕಿಂಗ್‌ಗೆ.

ನನ್ನನ್ನು ಬಹಳ ಕಾಡಿದ್ದು ಒಂದೇ. ಸವೆದ ಗೇಜ್ ನನಗೆ ಗೊತ್ತಿತ್ತು. ಇನ್ಸರ್ಟ್ ವಿಷಯ ಆ ಅಣ್ಣನಿಗೆ ಗೊತ್ತಿತ್ತು. ಆಫ್‌ಸೆಟ್ ಲಾಕ್ ಹುಡುಗನಿಗೆ ಗೊತ್ತಿತ್ತು. ಕೂಲೆಂಟ್ ಪೈಪ್ ಕಟ್ಟಿದ್ದು ಮೆಂಟೆನೆನ್ಸ್‌ನವರಿಗೆ ಗೊತ್ತಿತ್ತು. ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು. ನಾಲ್ಕೂ ತುಂಡು ಒಂದು ಕಡೆ ಇಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯೋ ವಿಷಯ. ದಿನಾ ಒಂದೇ ಗೇಟ್‌ನಲ್ಲಿ ಒಳಗೆ ಬಂದು, ಒಂದೇ ಬೀದಿಯಲ್ಲಿ ಮನೆಗೆ ಹೋಗೋ ಜನ ನಾವು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಆಮೇಲೆ ಬದಲಾದದ್ದು ಸುಲಭವಾಗಿ ಬದಲಾಗಲಿಲ್ಲ. ಗೇಜ್ ಹೊಸದು ಬಂತು. ಪ್ರತಿ ಸೋಮವಾರ ಅದನ್ನು ಅಳೆದು ಬರೆದಿಡೋ ಕೆಲಸ ನನಗೆ ಕೊಟ್ಟರು. ಆಫ್‌ಸೆಟ್ ಲಾಕ್ ಪೂರ್ತಿ ತೆಗೆಯಲಿಲ್ಲ, ಆದರೆ ಒಂದು ಸಲಕ್ಕೆ ಐದು ಮೈಕ್ರಾನ್ ತನಕ ಆಪರೇಟರೇ ಕೊಡಬಹುದು ಅಂತ ಮಾಡಿದರು. ಪೀಸ್ ಆರೋಕೆ ಒಂದು ರ್‍ಯಾಕ್ ಬಂತು. ಇವೆಲ್ಲಾ ಒಂದು ತಿಂಗಳಲ್ಲಿ ಆಯಿತು. ಕಷ್ಟ ಆಗಿದ್ದು ಕೆಂಪು ಡಬ್ಬದ್ದು.

ಸಂಬಳ ಕಟ್ ಮಾಡೋದನ್ನು ನಿಲ್ಲಿಸಿದರು. ಬೋರ್ಡ್ ಮೇಲಿನ ಹೆಸರು ಅಳಿಸಿದರು. ಮೊದಲ ವಾರ ಯಾರೂ ಡಬ್ಬ ಮುಟ್ಟಲಿಲ್ಲ, ಎಲ್ಲಾ ಕಾದು ನೋಡುತ್ತಿದ್ದರು. ಎರಡನೇ ವಾರ ಆ ಹಿರಿಯ ಆಪರೇಟರ್ ಹನ್ನೆರಡು ಪೀಸ್ ಹಾಕಿದರು, ಒಂದೊಂದಕ್ಕೂ ಚೀಟಿ ಕಟ್ಟಿ. ಏನೂ ಆಗಲಿಲ್ಲ. ಮೂರನೇ ವಾರ ಡಬ್ಬಗಳು ತುಂಬಿ ಹೊರಗೆ ಚೆಲ್ಲಿದವು. ಅಷ್ಟು ದಿನ ಚಿಪ್ಸ್ ಡ್ರಮ್‌ಗೆ ಹೋಗುತ್ತಿದ್ದದ್ದೆಲ್ಲಾ ಇಲ್ಲಿಗೆ ಬಂತು.

ಅವತ್ತು ಮಾಲೀಕರು ಶೆಡ್‌ಗೆ ಬಂದರು. ಮುಖ ಕೆಂಪಾಗಿತ್ತು. "ಹೊಸ ಮ್ಯಾನೇಜರ್ ಬಂದ ಮೇಲೆ ರಿಜೆಕ್ಷನ್ ಹತ್ತು ಪಟ್ಟು ಆಗಿದೆ" ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿದರು. ಇಲ್ಲಿಗೆ ಮುಗೀತು ಅಂದುಕೊಂಡೆ. ಮ್ಯಾನೇಜರ್ ಧ್ವನಿ ಏರಿಸಲಿಲ್ಲ. ಒಂದು ವಿಷಯ ಹೇಳಿದರು. ಅಮೆರಿಕದಲ್ಲಿ ಏಮಿ ಎಡ್ಮಂಡ್ಸನ್ ಅಂತ ಒಬ್ಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗೋ ತಪ್ಪುಗಳನ್ನು ಎಣಿಸಿದರಂತೆ. ಒಳ್ಳೆಯ ತಂಡಗಳಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ! ಆಮೇಲೆ ಗೊತ್ತಾಯಿತು, ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಆಗಿದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. "ಸಾರ್, ಮೊದಲೂ ಇಷ್ಟೇ ಪೀಸ್ ಕೆಡ್ತಾ ಇತ್ತು. ಈಗ ನಿಮ್ಮ ಕಣ್ಣಿಗೆ ಕಾಣ್ತಾ ಇದೆ. ಮೂರು ತಿಂಗಳು ಬಿಡಿ" ಅಂದರು.

ಮಾಲೀಕರು ಏನೂ ಹೇಳಲಿಲ್ಲ. ಡಬ್ಬದಿಂದ ಒಂದು ಪೀಸ್ ತೆಗೆದು ಚೀಟಿ ಓದಿದರು. ಅದರ ಮೇಲೆ 'ಇನ್ಸರ್ಟ್ ತುದಿ ಮುರಿದಿದೆ, 212ನೇ ಪೀಸ್' ಅಂತಿತ್ತು. ಬಹಳ ಹೊತ್ತು ಅದನ್ನೇ ಹಿಡಿದು ನಿಂತಿದ್ದರು. ಆಮೇಲೆ, "ಇದು 300 ಬರೋದೇ ಇಲ್ವಾ?" ಅಂತ ಆಪರೇಟರ್‌ನೇ ಕೇಳಿದರು. ಇಷ್ಟು ವರ್ಷದಲ್ಲಿ ಅವರು ಒಬ್ಬ ಆಪರೇಟರ್‌ಗೆ ಬೈಯದೆ ಬರೀ ಪ್ರಶ್ನೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಈ ಬಾರ್‌ನಲ್ಲಿ ಬರಲ್ಲ ಸಾರ್, ಮೆಟೀರಿಯಲ್ ಗಟ್ಟಿ ಇದೆ" ಅಂತ ಉತ್ತರ ಬಂತು. ಸ್ಟೋರ್ಸ್‌ನ 300ರ ಲೆಕ್ಕ ಮುಂದಿನ ವಾರ 200 ಆಯಿತು.

ಎಲ್ಲಾ ಸರಿ ಹೋಯಿತು ಅಂತ ನಾನು ಹೇಳಲ್ಲ. ಗಂಟೆ ಗಂಟೆಗೆ ಫೋನ್ ಮಾಡೋದು ಈಗ ಶಿಫ್ಟ್‌ಗೆ ಎರಡು ಸಲ ಆಗಿದೆ, ಆದರೆ ನಿಂತಿಲ್ಲ. ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ಜಾಸ್ತಿ ಇದ್ದಾಗ ಧ್ವನಿಗಳು ಹಳೇ ಥರ ಏರುತ್ತವೆ. ಆರೋಕೆ ಇಟ್ಟ ರ್‍ಯಾಕ್‌ನಿಂದ ಟ್ರೇ ಬೇಗ ಎಳೆದುಕೊಂಡು ಬಂದಿದ್ದೂ ಇದೆ. ಆಗ ನಾನು ವಾಪಸ್ ಕಳಿಸುತ್ತೇನೆ. ಮೊದಲ ಸಲ ವಾಪಸ್ ಕಳಿಸಿದಾಗ ನನ್ನ ಎದೆ ಡವಡವ ಅಂತಿತ್ತು. ಸೂಪರ್‌ವೈಸರ್ ನನ್ನ ಮುಖ ನೋಡಿದರು, ಗಡಿಯಾರ ನೋಡಿದರು, "ಎಷ್ಟು ಹೊತ್ತು ಬೇಕಮ್ಮಾ?" ಅಂತಷ್ಟೇ ಕೇಳಿದರು.

ಒಂದು ಕೆಲಸ ಉಳಿದಿತ್ತು. ಆ ಹಳೇ ರಿಪೋರ್ಟ್ ಇನ್ನೂ ಫೈಲ್‌ನಲ್ಲಿತ್ತು. 'ಆಪರೇಟರ್ ನಿರ್ಲಕ್ಷ್ಯ' ಅಂತ, ಕೆಳಗೆ ನನ್ನ ಸಹಿ. ಆಡಿಟ್‌ಗೆ ಬಂದವರು ಯಾರು ತೆಗೆದರೂ ಅವನ ಹೆಸರೇ ಕಾಣುತ್ತಿತ್ತು. ಒಂದು ದಿನ ಮ್ಯಾನೇಜರ್ ಹತ್ತಿರ ಹೋಗಿ, ಅದನ್ನು ತೆಗೆಸಬೇಕು ಅಂದೆ. "ದಾಖಲೆ ಹರಿಯೋ ಹಾಗಿಲ್ಲ. ತಿದ್ದಬಹುದು. ಹಳೇದು ಓದೋಕೆ ಆಗೋ ಹಾಗೆ ಒಂದೇ ಗೆರೆ ಹೊಡೀರಿ, ಪಕ್ಕದಲ್ಲಿ ಸರಿಯಾದ್ದು ಬರೀರಿ, ಸಹಿ, ದಿನಾಂಕ ಹಾಕಿ" ಅಂದರು.

ಅದನ್ನು ಒಬ್ಬಳೇ ಮಾಡೋಕೆ ನನಗೆ ಮನಸ್ಸು ಬರಲಿಲ್ಲ. ಬ್ರೇಕ್‌ನಲ್ಲಿ ಅವನನ್ನು ಕರೆದೆ. ಫೈಲ್ ಬಿಚ್ಚಿ ಇಬ್ಬರೂ ಪಕ್ಕಪಕ್ಕ ಕೂತೆವು. ನಾನು ಸ್ಕೇಲ್ ಇಟ್ಟು ಗೆರೆ ಹೊಡೆದೆ. ಪಕ್ಕದಲ್ಲಿ 'ಗೋ ಗೇಜ್ 9 ಮೈಕ್ರಾನ್ ಸವೆತ. ಇನ್‌ಸ್ಪೆಕ್ಟರ್‌ಗೆ ಮೊದಲೇ ಅನುಮಾನ ಇತ್ತು, ಮೇಲಕ್ಕೆ ತಲುಪಲಿಲ್ಲ. ಆಫ್‌ಸೆಟ್ ಲಾಕ್. ಇನ್ಸರ್ಟ್ ಮಿತಿ. ಬಿಸಿ ಪೀಸ್ ತಪಾಸಣೆ' ಅಂತ ಬರೆದೆ. ಅವನು ಪೂರ್ತಿ ಓದಿದ. ಎರಡನೇ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಬರೀಲೇಬೇಕಾ?" ಅಂತ ಕೇಳಿದ. ಬೇಕು ಅಂದೆ.

ಸ್ವಲ್ಪ ಹೊತ್ತು ಬಿಟ್ಟು, "ಆ ಮೂರು ದಿನ?" ಅಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಫೈಲ್ ಎತ್ತಿಕೊಂಡು, ಅವನನ್ನೂ ಕರೆದುಕೊಂಡು, ಮಾಲೀಕರ ರೂಮಿಗೆ ಹೋದೆ. ಮುಂಗಡ ಕೇಳೋಕೆ ಬಿಟ್ಟರೆ ಆ ರೂಮಿಗೆ ನಾನಾಗಿ ಹೋದದ್ದು ಅದೇ ಮೊದಲು. ಅವರು ಓದಿದರು. ಏನೂ ಹೇಳದೆ ಫೈಲ್ ವಾಪಸ್ ಕೊಟ್ಟರು. ನಾವಿಬ್ಬರೂ ಹೊರಗೆ ಬಂದೆವು.

ಮುಂದಿನ ತಿಂಗಳ ಸಂಬಳದ ಚೀಟಿಯಲ್ಲಿ ಒಂದು ಸಾಲು ಜಾಸ್ತಿ ಇತ್ತು: 'ಹಿಂದಿನ ಬಾಕಿ, 3 ದಿನ'. ಅವನು ಅದನ್ನು ತಂದು ನನ್ನ ಟೇಬಲ್ ಮೇಲೆ, ಗೇಜ್ ಪಕ್ಕದಲ್ಲಿ ಇಟ್ಟ. "ನೋಡಿ ಅಕ್ಕ" ಅಂದ. ನಾನು ಓದೋ ತನಕ ನಿಂತಿದ್ದ. ಆಮೇಲೆ ಮಡಿಸಿ ಜೇಬಿಗೆ ಹಾಕಿಕೊಂಡು ಮಿಷನ್ ಕಡೆ ಹೋದ.